ಓದುಗರ ಪ್ರಶ್ನೆ, ತಜ್ಞರ ಉತ್ತರ: ವೃತ್ತಾಕಾರದ ಆರ್ಥಿಕತೆಯ ಲೆಕ್ಕಪತ್ರ

ಬಳಸಿ ಬಿಸಾಡುವ ಬದಲು ವಸ್ತುವನ್ನು ರಿಪೇರಿ ಮಾಡಿ, ಮತ್ತೆ ಬಳಸಿ, ಕೊನೆಗೆ ಕರಗಿಸಿಯಾದರೂ ಚಲಾವಣೆಯಲ್ಲೇ ಇಟ್ಟುಕೊಳ್ಳುವುದಕ್ಕೆ ವೃತ್ತಾಕಾರದ ಆರ್ಥಿಕತೆ ಎನ್ನುತ್ತೇವೆ. ಉದ್ಯಮಗಳು ಇದನ್ನು ಹೇಗೆ ಅಳವಡಿಸಿಕೊಳ್ಳಬೇಕು, ವರದಿಯಲ್ಲಿ ಏನು ಬರೆಯಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ. ದೊಡ್ಡ ಗ್ರಾಹಕರೊಬ್ಬರು 14 ಪುಟದ ಫಾರಂ ಕಳಿಸಿ ‘ನಿಮ್ಮ ಸರ್ಕ್ಯುಲಾರಿಟಿ ಮಾಹಿತಿ ತುಂಬಿ ಕೊಡಿ’ ಎಂದಿದ್ದಾರೆ. ನಮ್ಮ ಹತ್ತಿರ ಖರೀದಿ ಬಿಲ್ಲು, ಗುಜರಿ ಮಾರಿದ ರಸೀದಿ ಬಿಟ್ಟರೆ ಬೇರೇನೂ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಫಾರಂ ಅನ್ನು ಸದ್ಯಕ್ಕೆ ಮುಚ್ಚಿಡಿ. ಮೊದಲು ಒಂದು ತಿಂಗಳ ವಸ್ತುವಿನ ಜಮಾ–ಖರ್ಚು ಬರೆಯಿರಿ. ದುಡ್ಡಿನದಲ್ಲ, ಕಿಲೋ ಲೆಕ್ಕದ್ದು. ಇಡೀ ಕಾರ್ಖಾನೆಗೆ ಒಟ್ಟಿಗೇ ಕೈಹಾಕಬೇಡಿ. ಹೆಚ್ಚು ಮಾಲು ನುಂಗುವ ಒಂದು ಲೈನ್ ಸಾಕು.

ಉದಾಹರಣೆಗೆ, ತಿಂಗಳ ಮೊದಲ ದಿನ 6 ಟನ್ ದಾಸ್ತಾನಿತ್ತು, 40 ಟನ್ ಬಂತು, ಕೊನೆಯ ದಿನ 5 ಟನ್ ಉಳಿಯಿತು ಅನ್ನಿ. ಖರ್ಚಾದದ್ದು 41 ಟನ್. ಇನ್ನು ಹೊರಹೋದದ್ದು: 6 ಲಕ್ಷ ಬಿಡಿಭಾಗ, ಒಂದಕ್ಕೆ 62 ಗ್ರಾಂನಂತೆ 37.2 ಟನ್. ಮೆಷಿನ್ ತೊಳೆದಾಗ ಬಿದ್ದ ಗಡ್ಡೆ 0.9, ಮತ್ತೆ ಪುಡಿ ಮಾಡಲಾಗದ ತಿರಸ್ಕೃತ ಮಾಲು 1.3, ನೆಲ ಗುಡಿಸಿದ್ದು 0.2. ಒಟ್ಟು 39.6 ಟನ್. 1.4 ಟನ್, ಅಂದರೆ ಶೇ 3.4ರಷ್ಟು ಎಲ್ಲಿ ಹೋಯಿತೋ ತಿಳಿಯದು.

ಹೆಚ್ಚಿನವರು ಈ ವ್ಯತ್ಯಾಸವನ್ನು ‘ಇತರೆ’ ಎಂಬ ಸಾಲಿಗೆ ತಳ್ಳಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ, ಏಕೆಂದರೆ ಕಲಿಯುವುದೆಲ್ಲ ಆ ಸಾಲಿನಲ್ಲೇ ಇರುತ್ತದೆ. ಮೊದಲು ಅನುಮಾನಿಸಬೇಕಾದ್ದು 62 ಗ್ರಾಂ ಎಂಬ ಅಂಕಿಯನ್ನು. ಅದು ಡ್ರಾಯಿಂಗ್‌ನಲ್ಲಿರುವ ತೂಕ. ಅಚ್ಚು ಸವೆದಂತೆ ಭಾಗದ ತೂಕ ಏರುತ್ತದೆ. ಪ್ರತಿ ಪಾಳಿಯಲ್ಲಿ 20 ಭಾಗ ತೂಗಿ ನೋಡಿ. ಸರಾಸರಿ 63.5 ಗ್ರಾಂ ಬಂದರೆ 6 ಲಕ್ಷಕ್ಕೆ 0.9 ಟನ್ ಅಲ್ಲೇ ಸಿಕ್ಕಿತು. ಉಳಿದ ವ್ಯತ್ಯಾಸ 0.5 ಟನ್, ಶೇ 1.2. ಅದರ ಜೊತೆಗೆ, ಪ್ರತಿ ಭಾಗದಲ್ಲೂ ಒಂದೂವರೆ ಗ್ರಾಂ ಮಾಲನ್ನು ನೀವು ಪುಕ್ಕಟೆ ಕೊಡುತ್ತಿದ್ದೀರಿ ಎಂಬುದೂ ಗೊತ್ತಾಯಿತು.

ಎರಡು ತಪ್ಪು ಪದೇ ಪದೇ ಕಾಣುತ್ತೇವೆ. ಒಂದು, ಒಳಗೇ ಪುಡಿ ಮಾಡಿ ಅದೇ ಮೆಷಿನ್‌ಗೆ ಸುರಿದ ರನ್ನರ್ (ಅಚ್ಚಿಗೆ ಮಾಲು ಹರಿಯುವ ದಾರಿಯಲ್ಲಿ ಗಟ್ಟಿಯಾಗಿ ಉಳಿಯುವ) ತುಂಡುಗಳನ್ನು ತ್ಯಾಜ್ಯದಲ್ಲೂ ಸೇರಿಸಿ, ಕಚ್ಚಾಮಾಲಿನಲ್ಲೂ ಸೇರಿಸುವುದು. ಅದು ಗೇಟು ದಾಟಿಲ್ಲ. ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ, ಎರಡೂ ಕಡೆಯ ಮೊತ್ತಕ್ಕೆ ಕೂಡಿಸಬೇಡಿ. ಇನ್ನೊಂದು, ಒದ್ದೆ ತ್ಯಾಜ್ಯ. 10 ಟನ್ ಕೆಸರಿನಲ್ಲಿ ಶೇ 80 ನೀರಿದ್ದರೆ ಒಣ ವಸ್ತು 2 ಟನ್ ಮಾತ್ರ. ಅದನ್ನೇ ಹಿಂಡಿ ನೀರನ್ನು ಶೇ 60ಕ್ಕೆ ಇಳಿಸಿದರೆ ತೂಕ 5 ಟನ್‌ಗೆ ಬರುತ್ತದೆ. ‘ತ್ಯಾಜ್ಯ ಅರ್ಧಕ್ಕಿಳಿಯಿತು’ ಎಂದು ವರದಿಯಲ್ಲಿ ಬರೆಯಬಹುದು, ಆದರೆ ಕಡಿಮೆಯಾದದ್ದು ನೀರು. ಸಾಗಣೆ ಉಳಿಯಿತು, ಅದು ಒಳ್ಳೆಯದೇ. ಒದ್ದೆ ತೂಕ, ಒಣ ತೂಕ ಎರಡನ್ನೂ ಕೊಟ್ಟರೆ ಓದುವವರಿಗೆ ನಿಜ ತಿಳಿಯುತ್ತದೆ.

ಮೂರು ತಿಂಗಳು ಹೀಗೆ ಲೆಕ್ಕ ಹಿಡಿದ ಮೇಲೆ ಫಾರಂ ತೆರೆಯಿರಿ. ತುಂಬಲಾಗದ ಕಡೆ ‘ಅಳತೆ ಮಾಡಿಲ್ಲ’ ಎಂದು ಬರೆಯಿರಿ. ಅಂದಾಜು ಹಾಕಿದರೆ ಅಂದಾಜು ಎಂದೇ ಬರೆದು, ಹೇಗೆ ಹಾಕಿದಿರಿ ಎಂದು ಒಂದು ಸಾಲು ಸೇರಿಸಿ.

ಪ್ರಶ್ನೆ: ರನ್ನರ್, ಸ್ಪ್ರೂ (ಅಚ್ಚಿನ ಬಾಯಲ್ಲಿ ಗಟ್ಟಿಯಾದ ತುಂಡು) ಎಲ್ಲ ಪುಡಿ ಮಾಡಿ ಶೇ 25ರಷ್ಟು ಮತ್ತೆ ಬಳಸುತ್ತೇವೆ. ಪೆಟ್ಟಿಗೆಯ ಮೇಲೆ ‘ಶೇ 25 ಮರುಬಳಕೆಯ ಪ್ಲಾಸ್ಟಿಕ್’ ಎಂದು ಹಾಕಬಹುದೆ?

ಉತ್ತರ: ಹಾಕುವಂತಿಲ್ಲ. ಪರಿಸರ ಸಂಬಂಧಿ ಸ್ವಘೋಷಣೆಗಳ ಮಾನದಂಡ ಐಎಸ್‌ಒ 14021 ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಒಂದು ಪ್ರಕ್ರಿಯೆಯಲ್ಲಿ ಹುಟ್ಟಿ, ಅದೇ ಪ್ರಕ್ರಿಯೆಗೆ ಮರಳಬಲ್ಲ ಚೂರು, ಪುಡಿ, ತಿದ್ದಿ ಬಳಸಿದ ಮಾಲು ‘ರೀಸೈಕಲ್ ಆದ ಅಂಶ’ಕ್ಕೆ ಸೇರುವುದಿಲ್ಲ. ಬೇರೊಂದು ಕಾರ್ಖಾನೆಯ ತ್ಯಾಜ್ಯದ ಹರಿವಿನಿಂದ ಬಂದದ್ದಾದರೆ ‘ಬಳಕೆ-ಪೂರ್ವ’, ಜನ ಬಳಸಿ ಬಿಸಾಡಿದ್ದರಿಂದ ಬಂದದ್ದಾದರೆ ‘ಬಳಕೆ-ನಂತರದ’. ಈ ಎರಡನ್ನೂ ಬೇರೆ ಬೇರೆ ಶೇಕಡಾವಾರು ಕೊಡಿ. ಗ್ರಾಹಕರು ನಿಜಕ್ಕೂ ಹುಡುಕುತ್ತಿರುವುದು ಎರಡನೆಯದನ್ನು.

ಸರಬರಾಜುದಾರರು ‘ಮಾಸ್ ಬ್ಯಾಲೆನ್ಸ್’ ಪ್ರಮಾಣಪತ್ರ ಕೊಟ್ಟರೆ ಇನ್ನೊಂದು ಎಚ್ಚರ ಬೇಕು. ಐಎಸ್‌ಒ 22095 ಪ್ರಕಾರ ವಸ್ತುವಿನ ಜಾಡು ಹಿಡಿಯುವ ಮಾದರಿಗಳು ಐದು: ಮೂಲವನ್ನೇ ಕಾಪಾಡುವುದು, ಪ್ರತ್ಯೇಕವಾಗಿಡುವುದು, ನಿಯಂತ್ರಿತ ಮಿಶ್ರಣ, ಮಾಸ್ ಬ್ಯಾಲೆನ್ಸ್, ಮತ್ತು ಬುಕ್ ಆ್ಯಂಡ್ ಕ್ಲೇಮ್ (ವಸ್ತು ಬಾರದೆ ಅದರ ಪ್ರಮಾಣಪತ್ರವನ್ನಷ್ಟೇ ಕೊಳ್ಳುವುದು). ಮೊದಲ ಮೂರರಲ್ಲಿ ನಿಮ್ಮ ಕೈಗೆ ಬಂದ ಚೀಲದಲ್ಲಿ ಆ ವಸ್ತು ನಿಜಕ್ಕೂ ಇರುತ್ತದೆ. ಮಾಸ್ ಬ್ಯಾಲೆನ್ಸ್‌ನಲ್ಲಿ ಪ್ರಮಾಣ ಸರಿಹೊಂದುವುದು ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ. ನಿಮ್ಮ ಚೀಲದಲ್ಲಿ ಒಂದು ಕಾಳೂ ಇಲ್ಲದಿರಬಹುದು. ಅದೇನೂ ಮೋಸವಲ್ಲ, ಆದರೆ ಯಾವ ಮಾದರಿ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯಬೇಕು.

ಪ್ರಶ್ನೆ: ಪುಡಿಯ ಪ್ರಮಾಣವನ್ನು ಶೇ 25ರಿಂದ 50ಕ್ಕೆ ಏರಿಸಿದಾಗಿನಿಂದ ಪಾಲಿಪ್ರೊಪಿಲೀನ್ ಭಾಗಗಳು ಕೆಳಗೆ ಬಿದ್ದರೆ ಸೀಳುತ್ತಿವೆ. ಕಪ್ಪು ಚುಕ್ಕೆಗಳೂ ಬರುತ್ತಿವೆ. ಹೊರಗಿನಿಂದ ಏನನ್ನೂ ತಂದಿಲ್ಲ, ಎಲ್ಲ ನಮ್ಮದೇ ಮಾಲು.

ಉತ್ತರ: ನಿಮ್ಮದೇ ಮಾಲಾದರೂ ಅದು ಎಷ್ಟು ಸಲ ಬೆಂದಿದೆ ಎಂದು ಲೆಕ್ಕ ಹಾಕಿ ನೋಡಿ. ಶೇ 25 ಪುಡಿಯನ್ನು ನಿರಂತರವಾಗಿ ಬೆರೆಸುತ್ತಿದ್ದರೆ, ಪ್ರತಿ ಬ್ಯಾಚ್‌ನಲ್ಲಿ ಹೊಸದು ಶೇ 75, ಹಿಂದೆ ಒಂದು ಸಲ ಕರಗಿದ್ದು ಶೇ 18.75, ಎರಡು ಸಲ ಕರಗಿದ್ದು ಸುಮಾರು ಶೇ 4.7, ಮೂರು ಅಥವಾ ಹೆಚ್ಚು ಸಲ ಕರಗಿದ್ದು ಶೇ 1.6ರಷ್ಟು. ಶೇ 50ಕ್ಕೆ ಏರಿಸಿದಾಗ ಈ ಕೊನೆಯ ಗುಂಪು ಶೇ 12.5 ಆಗುತ್ತದೆ. ಪುಡಿ ಎರಡು ಪಟ್ಟಾಯಿತು, ಸುಸ್ತಾದ ಮಾಲು ಎಂಟು ಪಟ್ಟಾಯಿತು.

ಪಾಲಿಪ್ರೊಪಿಲೀನ್ ಕರಗಿದಾಗಲೆಲ್ಲ ಅದರ ಉದ್ದನೆಯ ಸರಪಳಿಗಳು ತುಂಡಾಗುತ್ತವೆ. ಅದರಿಂದ ಕರಗಿದ ಮಾಲು ನೀರಾಗಿ ಹರಿಯುತ್ತದೆ, ಪೆಟ್ಟು ತಾಳುವ ಗುಣ ಕುಗ್ಗುತ್ತದೆ. ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವ ಮೆಲ್ಟ್ ಫ್ಲೋ ಪರೀಕ್ಷೆಯಲ್ಲಿ (230 ಡಿಗ್ರಿ ಸೆಲ್ಸಿಯಸ್, 2.16 ಕಿಲೋ ಭಾರ) ಹೊಸ ಮಾಲನ್ನೂ ಮಿಶ್ರಣವನ್ನೂ ಹೋಲಿಸಿ ನೋಡಿ, ಅಂಕಿ ಏರಿದ್ದರೆ ಕಾರಣ ಇದೇ. ಸದ್ಯಕ್ಕೆ ಶೇ 25–30ಕ್ಕೆ ಇಳಿಸಿ, ಉಳಿದ ಪುಡಿಯನ್ನು ಪೆಟ್ಟು ಬೀಳದ ಇನ್ನೊಂದು ಭಾಗಕ್ಕೆ ತಿರುಗಿಸಿ. ಸ್ಥಿರಕಾರಿ ಸೇರಿಸಿದರೆ ಮುಂದಿನ ಹಾನಿ ನಿಧಾನವಾಗುತ್ತದೆ, ಆದರೆ ತುಂಡಾದ ಸರಪಳಿ ಕೂಡಿಕೊಳ್ಳುವುದಿಲ್ಲ.

ಕಪ್ಪು ಚುಕ್ಕೆಗೆ ಹೆಚ್ಚಿನ ಸಲ ಕಾರಣ ಗ್ರೈಂಡರ್. ಬ್ಲೇಡ್ ಮೊಂಡಾದರೆ ಅದು ಕತ್ತರಿಸುವ ಬದಲು ಅರೆಯುತ್ತದೆ, ಧೂಳು ಹೆಚ್ಚುತ್ತದೆ. ಆ ಧೂಳು ದೊಡ್ಡ ಕಾಳಿಗಿಂತ ಬೇಗ ಕರಗಿ, ಬ್ಯಾರಲ್ (ಮೆಷಿನ್‌ನಲ್ಲಿ ಮಾಲು ಕರಗುವ ಕೊಳವೆ) ಒಳಗೆ ಅಂಟಿ ಸುಡುತ್ತದೆ. ಬ್ಲೇಡ್ ಹರಿತ ಮಾಡಿಸಿ, ಧೂಳನ್ನು ಜರಡಿ ಹಿಡಿಯಿರಿ.

ಇದೇ ಜಾಡಿನಲ್ಲಿ ಪಿಇಟಿ ಬಾಟಲಿಯ ಚೂರು ಬಳಸುವವರಿಗೂ ಒಂದು ಮಾತು. ಪಿಇಟಿಗೆ ಶತ್ರು ತೇವ. ಒದ್ದೆ ಚೂರು ಕರಗಿದರೆ ನೀರೇ ಸರಪಳಿಯನ್ನು ಕತ್ತರಿಸುತ್ತದೆ. 160–170 ಡಿಗ್ರಿಯಲ್ಲಿ 4ರಿಂದ 6 ಗಂಟೆ, ತೇವ ತೆಗೆದ ಗಾಳಿಯಲ್ಲಿ ಒಣಗಿಸಿ. 10 ಲಕ್ಷ ಪಾಲಿನಲ್ಲಿ ನೀರು 50 ಪಾಲಿಗಿಂತ ಕಡಿಮೆಯಾಗಬೇಕು. ಮುಚ್ಚಳದ ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುವುದರಿಂದ ಸುಲಭವಾಗಿ ಬೇರೆಯಾಗುತ್ತದೆ. ಪಿವಿಸಿ ಮಾತ್ರ ಪಿಇಟಿಯಷ್ಟೇ ಸಾಂದ್ರವಾಗಿದ್ದು ಅದರ ಜೊತೆಗೇ ಮುಳುಗುತ್ತದೆ. ತೇಲಿಸಿ ಬೇರ್ಪಡಿಸುವ ನೀರಿನ ತೊಟ್ಟಿಯನ್ನು ನಂಬಿ ಪಿವಿಸಿ ಲೇಬಲ್‌ನ ಮಾಲು ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಕಂಪನಿ ‘ಭೂಭರ್ತಿಗೆ ಶೂನ್ಯ ತ್ಯಾಜ್ಯ’ ಎಂಬ ಫಲಕ ಹಾಕಿಕೊಂಡಿದೆ. ಉಳಿದದ್ದನ್ನೆಲ್ಲ ಸುಟ್ಟು ವಿದ್ಯುತ್ ಮಾಡುವ ಘಟಕಕ್ಕೆ ಕಳಿಸುತ್ತೇವೆ. ಆಡಿಟರ್ ಇದನ್ನು ‘ವಿಲೇವಾರಿ’ ಕಾಲಂಗೆ ಹಾಕಿದ್ದಾರೆ. ಸರಿಯೆ?

ಉತ್ತರ: ಜಿಆರ್‌ಐ ಎಂಬ ಸುಸ್ಥಿರತಾ ವರದಿಯ ಅಂತರರಾಷ್ಟ್ರೀಯ ಮಾನದಂಡದಂತೆ ವರದಿ ಮಾಡುತ್ತಿದ್ದರೆ ಸರಿ. ಜಿಆರ್‌ಐ 306ರ 2020ರ ಆವೃತ್ತಿಯಲ್ಲಿ 306-3 ಹುಟ್ಟಿದ ತ್ಯಾಜ್ಯ, 306-4 ವಿಲೇವಾರಿಯಿಂದ ಉಳಿಸಿದ್ದು, 306-5 ವಿಲೇವಾರಿಗೆ ಹೋದದ್ದು. ಶಕ್ತಿ ಪಡೆದು ಸುಟ್ಟದ್ದೂ 306-5ರಲ್ಲೇ ಬರುತ್ತದೆ. ಫಲಕ ಸುಳ್ಳಲ್ಲ, ಆದರೆ ಸುಟ್ಟ ವಸ್ತು ಮತ್ತೆ ವಸ್ತುವಾಗಿ ಮರಳುವುದಿಲ್ಲ. ಫಲಕದ ಕೆಳಗೆ ಎಷ್ಟು ಟನ್ ಸುಟ್ಟಿರಿ ಎಂದೂ ಬರೆಯಿರಿ.

ಪ್ರಶ್ನೆ: ರಟ್ಟಿನ ಪೆಟ್ಟಿಗೆ ಬಿಟ್ಟು, ಮರಳಿ ಬರುವ ಪ್ಲಾಸ್ಟಿಕ್ ಕ್ರೇಟ್‌ಗೆ ಬದಲಾಗಬೇಕೆಂದಿದ್ದೇವೆ. ದಿನಕ್ಕೆ 200 ಕ್ರೇಟ್ ಹೋಗುತ್ತವೆ. ಎಷ್ಟು ಕೊಳ್ಳಬೇಕು? ಲಾಭವಿದೆಯೆ?

ಉತ್ತರ: ಒಂದು ಕ್ರೇಟ್ ಹೊರಟು, ಖಾಲಿಯಾಗಿ, ತೊಳೆದು, ಮತ್ತೆ ತುಂಬಲು ಸಿದ್ಧವಾಗುವುದಕ್ಕೆ ಎಷ್ಟು ಕೆಲಸದ ದಿನ ಎಂದು ಮೊದಲು ಅಳೆಯಿರಿ. ಊಹಿಸಬೇಡಿ, 30 ಕ್ರೇಟ್‌ಗೆ ಸಂಖ್ಯೆ ಬರೆದು ಬಿಡಿ, ಬಂದ ದಿನ ಗುರುತು ಹಾಕಿಕೊಳ್ಳಿ. 18 ದಿನ ಎಂದಾದರೆ 200ನ್ನು 18ರಿಂದ ಗುಣಿಸಿ 3,600. ಶೇ 15 ಮೀಸಲು ಸೇರಿಸಿದರೆ 4,140.

ಇದು ಸುಲಭದ ಭಾಗ. ಯೋಜನೆ ಬದುಕುವುದೋ ಸಾಯುವುದೋ ನಿರ್ಧಾರವಾಗುವುದು ವಾಪಸಾತಿಯ ಪ್ರಮಾಣದಲ್ಲಿ. ನೂರಕ್ಕೆ 80 ಮರಳಿದರೆ ಒಂದು ಕ್ರೇಟ್ ಸರಾಸರಿ 5 ಸುತ್ತು ಮಾತ್ರ ಓಡುತ್ತದೆ. 90 ಮರಳಿದರೆ 10 ಸುತ್ತು, 95ಕ್ಕೆ 20, 98ಕ್ಕೆ 50. ಮರಳದ ಪಾಲಿನಿಂದ 1ನ್ನು ಭಾಗಿಸಿದರೆ ಸುತ್ತು ಸಿಗುತ್ತದೆ. ಶೇ 95 ಎಂದರೆ ಕಿವಿಗೆ ಚೆನ್ನಾಗಿ ಕೇಳುತ್ತದೆ, ಆದರೆ ದಿನಕ್ಕೆ 10 ಕ್ರೇಟ್ ಕಾಣೆಯಾಗುತ್ತವೆ. 300 ದಿನಕ್ಕೆ 3,000. ಕೊಂಡ ದಾಸ್ತಾನಿನ ಮುಕ್ಕಾಲು ಪಾಲು ಒಂದೇ ವರ್ಷದಲ್ಲಿ ಹೋಯಿತು. ಶೇ 98ಕ್ಕೆ ಏರಿಸಿದರೆ ನಷ್ಟ 1,200ಕ್ಕೆ ಇಳಿಯುತ್ತದೆ. ಈ 3 ಅಂಶಕ್ಕಾಗಿ ಪಡುವ ಶ್ರಮ ಉಳಿದೆಲ್ಲ ಸುಧಾರಣೆಗಿಂತ ಹೆಚ್ಚು ಫಲ ಕೊಡುತ್ತದೆ.

ಕ್ರೇಟ್ ಕಾಣೆಯಾಗುವುದು ಕಳ್ಳತನದಿಂದ ಎಂದೇ ಭಾವಿಸಬೇಡಿ. ಗ್ರಾಹಕರ ಗೋದಾಮಿನಲ್ಲಿ ಅದರಲ್ಲಿ ಬೇರೆ ಸಾಮಾನು ತುಂಬಿಡುತ್ತಾರೆ, ಯಾರೂ ಕೇಳುವುದಿಲ್ಲ. ಪ್ರತಿ ಕ್ರೇಟ್‌ಗೆ ಸಂಖ್ಯೆ ಮತ್ತು ಬಾರ್‌ಕೋಡ್, ಗ್ರಾಹಕವಾರು ಬಾಕಿ ಪಟ್ಟಿ, 30 ದಿನ ಮೀರಿದರೆ ಠೇವಣಿಯಿಂದ ಕಡಿತ, ಈ ಮೂರೂ ಮೊದಲ ದಿನದಿಂದಲೇ ಒಪ್ಪಂದದಲ್ಲಿರಲಿ. ಆಮೇಲೆ ಸೇರಿಸಲು ಹೋದರೆ ಯಾರೂ ಒಪ್ಪುವುದಿಲ್ಲ. ಖಾಲಿ ಕ್ರೇಟ್ ಒಂದರೊಳಗೊಂದು ಕೂರುವಂಥದ್ದೋ ಮಡಚುವಂಥದ್ದೋ ಆಗಿರಬೇಕು, ಇಲ್ಲವೆಂದರೆ ವಾಪಸ್ ಲಾರಿ ಗಾಳಿ ಹೊರುತ್ತದೆ.

ಪರಿಸರದ ಲೆಕ್ಕಕ್ಕೆ: ಕ್ರೇಟ್ 1.8 ಕಿಲೋ, ರಟ್ಟಿನ ಪೆಟ್ಟಿಗೆ 0.4 ಕಿಲೋ ಎಂದಾದರೆ ಬರೀ ತೂಕ ಸರಿದೂಗಲು 5 ಸುತ್ತು ಬೇಕು. ಅದರ ಮೇಲೆ ತೊಳೆಯುವ ನೀರು, ಬಿಸಿ, ವಾಪಸ್ ಸಾಗಣೆ. ಪ್ಲಾಸ್ಟಿಕ್ ಮತ್ತು ಕಾಗದದ ಒಂದೊಂದು ಕಿಲೋ ಹೊರೆ ಒಂದೇ ಅಲ್ಲವಾದ್ದರಿಂದ, 5 ಸುತ್ತು ಎಂಬುದನ್ನು ಕನಿಷ್ಠ ಮಿತಿ ಎಂದಷ್ಟೇ ತಿಳಿಯಿರಿ. ಶೇ 80 ವಾಪಸಾತಿ ಇರುವವರು ಈ ಗೆರೆಯ ಮೇಲೇ ನಿಂತಿದ್ದಾರೆ.

ಪ್ರಶ್ನೆ: ಗ್ರಾಹಕರು ‘ಎಂಸಿಐ’ ಅಂಕ ಕೇಳುತ್ತಿದ್ದಾರೆ. ಸೂತ್ರ ನೋಡಿ ತಲೆ ತಿರುಗಿತು.

ಉತ್ತರ: ಮೆಟೀರಿಯಲ್ ಸರ್ಕ್ಯುಲಾರಿಟಿ ಇಂಡಿಕೇಟರ್ ಎಂಬುದು ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಷನ್ ಮತ್ತು ಗ್ರಾಂಟಾ ಡಿಸೈನ್ 2015ರಲ್ಲಿ ಹೊರತಂದ ಸೂಚಕ. 0ಯಿಂದ 1ರವರೆಗೆ ಅಂಕ. ಸೂತ್ರ ಬಿಟ್ಟು ಒಂದು ಉದಾಹರಣೆ ಹಿಡಿಯೋಣ.

ಉತ್ಪನ್ನ 100 ಕಿಲೋ. ಅದರಲ್ಲಿ 30 ಕಿಲೋ ರೀಸೈಕಲ್ ಆದದ್ದು, ಹೊಸ ಕಚ್ಚಾಮಾಲು 70 ಕಿಲೋ. ಆಯುಷ್ಯ ಮುಗಿದಾಗ 40 ಕಿಲೋ ರೀಸೈಕ್ಲಿಂಗ್‌ಗೆ ಹೋಗುತ್ತದೆ, 60 ಕಿಲೋ ತ್ಯಾಜ್ಯ. ರೀಸೈಕ್ಲಿಂಗ್‌ನ ದಕ್ಷತೆ ಶೇ 75 ಅನ್ನಿ. ಆ 40 ಕಿಲೋದಲ್ಲಿ 10 ಕಿಲೋ ಅಲ್ಲೇ ನಷ್ಟ. ಒಳಬಂದ 30 ಕಿಲೋ ತಯಾರಾಗಲು 40 ಕಿಲೋ ಬೇಕಾಗಿತ್ತು, ಅಲ್ಲಿಯೂ 10 ಕಿಲೋ ನಷ್ಟ. ಈ ಎರಡು ನಷ್ಟಗಳ ಅರ್ಧರ್ಧವನ್ನು ನಿಮ್ಮ ಉತ್ಪನ್ನದ ಮೇಲೆ ಹಾಕುತ್ತಾರೆ: 60ಕ್ಕೆ 10 ಸೇರಿ ತ್ಯಾಜ್ಯ 70. ಹೊಸ ಮಾಲು 70, ತ್ಯಾಜ್ಯ 70, ಒಟ್ಟು 140. ಅದನ್ನು 200ರಿಂದ (ತೂಕದ ಎರಡರಷ್ಟು, ಎರಡೂ ನಷ್ಟ ಸಮವಾದ್ದರಿಂದ ಬೇರೆ ತಿದ್ದುಪಡಿ ಬೇಡ) ಭಾಗಿಸಿದರೆ 0.70. ಇದು ‘ನೇರ ಹರಿವಿನ’ ಪಾಲು. ಸರಾಸರಿ ಬಾಳಿಕೆಯ ಉತ್ಪನ್ನಕ್ಕೆ ಇದನ್ನು 0.9ರಿಂದ ಗುಣಿಸಿ, 1ರಿಂದ ಕಳೆಯಿರಿ: 0.37.

ಇನ್ನು ಅದೇ ಉತ್ಪನ್ನ ಮಾರುಕಟ್ಟೆಯ ಸರಾಸರಿಗಿಂತ ಒಂದೂವರೆ ಪಟ್ಟು ಬಾಳಿದರೆ 0.9 ಬದಲು 0.6 (0.9ನ್ನು 1.5ರಿಂದ ಭಾಗಿಸಿದ್ದು). ಅಂಕ 0.58. ವಸ್ತುವಿನಲ್ಲಿ ಏನೂ ಬದಲಾಗಲಿಲ್ಲ, ಬಾಳಿಕೆಯೊಂದೇ ಅಂಕವನ್ನು ಇಷ್ಟು ಎತ್ತಿತು. ಇಲ್ಲೇ ಅಪಾಯವೂ ಇದೆ. ‘ನಮ್ಮದು ಹೆಚ್ಚು ಬಾಳುತ್ತದೆ’ ಎಂದು ಆಧಾರವಿಲ್ಲದೆ 1.5 ಬರೆಯುವುದು ಬಲು ಸುಲಭ. ವಾರಂಟಿ ದೂರುಗಳು, ರಿಪೇರಿ ದಾಖಲೆ, ವಾಪಸ್ ಬಂದ ಉತ್ಪನ್ನಗಳ ತಯಾರಿಕೆಯ ವರ್ಷ, ಇವನ್ನು ಇಟ್ಟುಕೊಂಡೇ ಬಾಳಿಕೆ ಹೇಳಿ. ಇಲ್ಲದಿದ್ದರೆ 1 ಎಂದೇ ಬಿಡಿ. ಈ ಅಂಕದಲ್ಲಿ ವಿಷಕಾರಿ ವಸ್ತುವಾಗಲಿ, ಇಂಗಾಲದ ಹೊರೆಯಾಗಲಿ ಕಾಣುವುದಿಲ್ಲ. ಅವನ್ನು ಬೇರೆಯಾಗಿ ಕೊಡಬೇಕು.

ಪ್ರಶ್ನೆ: ಯಂತ್ರಗಳನ್ನು ಮಾರುವ ಬದಲು ಬಾಡಿಗೆಗೆ ಕೊಟ್ಟರೆ ವೃತ್ತಾಕಾರದ ವ್ಯಾಪಾರವಾಗುತ್ತದೆ ಎನ್ನುತ್ತಾರೆ. ನಿಜವೆ?

ಉತ್ತರ: ಯಂತ್ರ ಮರಳಿ ಬಂದು, ಬಿಚ್ಚಿ, ಸರಿಮಾಡಿ, ಮತ್ತೆ ಹೊರಟರೆ ಮಾತ್ರ ನಿಜ. ಮೂರು ವರ್ಷದ ಬಾಡಿಗೆ ಮುಗಿದ ಮೇಲೆ ಗುಜರಿಗೆ ಹಾಕಿದರೆ ಅದು ಕಂತಿನ ಮಾರಾಟ, ಅಷ್ಟೇ. ಆದ್ದರಿಂದ ಮೊದಲು ಬಿಚ್ಚಿ ನೋಡಿ: ಅಂಟು ಎಲ್ಲಿದೆ, ಸ್ಕ್ರೂ ಎಲ್ಲಿದೆ, ಹೆಚ್ಚು ಸವೆಯುವ ಭಾಗ ತಲುಪಲು ಎಷ್ಟು ನಿಮಿಷ.

ಇನ್ನು ಕೈಯಲ್ಲಿರುವ ನಗದು. ತಯಾರಿಕೆಯ ಖರ್ಚು 70, ತಿಂಗಳ ಬಾಡಿಗೆ 3, ಅದು ಯಂತ್ರ ಹೊರಟ ಮರುತಿಂಗಳಿಂದ ಬರುತ್ತದೆ ಅನ್ನಿ. ತಿಂಗಳಿಗೊಂದು ಯಂತ್ರ ಹೊರಬಿಟ್ಟರೆ 25ನೇ ತಿಂಗಳಲ್ಲಿ ಮೊದಲ ಸಲ ಬರುವ ಹಣ ಹೋಗುವ ಹಣವನ್ನು ದಾಟುತ್ತದೆ. ಅಷ್ಟರಲ್ಲಿ 852 ಹೊರಗಿರುತ್ತದೆ, ಅಂದರೆ 12 ತಿಂಗಳಿಗೂ ಹೆಚ್ಚಿನ ತಯಾರಿಕೆಯ ವೆಚ್ಚ. ರಿಪೇರಿ, ಬಡ್ಡಿ ಇದಕ್ಕೆ ಸೇರಿಲ್ಲ. ವಸ್ತು ಉಳಿಸುವ ಒಳ್ಳೆಯ ಯೋಜನೆಗಳು ಈ ಹಳ್ಳದಲ್ಲಿ ಮುಳುಗುವುದನ್ನು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ಇದನ್ನು ಮೊದಲೇ ಕಾಣಬಹುದು. ಶೇ 10–15 ಗ್ರಾಹಕರಿಂದ ಶುರು ಮಾಡಿ, ಉಳಿದವರಿಗೆ ಮಾರಾಟ ಮುಂದುವರಿಸಿ.

ಪ್ರಶ್ನೆ: ನಮ್ಮ ವರದಿಯನ್ನು ಕನ್ನಡದಲ್ಲೂ ತರುತ್ತೇವೆ. ರೀಯೂಸ್, ರೀಸೈಕಲ್ ಎರಡಕ್ಕೂ ‘ಮರುಬಳಕೆ’ ಎಂದೇ ಬರೆದಿದ್ದಾರೆ. ಪರವಾಗಿಲ್ಲವೆ?

ಉತ್ತರ: ದಯವಿಟ್ಟು ಬದಲಿಸಿ. ಬಾಟಲಿಯನ್ನು ತೊಳೆದು ತುಂಬುವುದು ಬೇರೆ, ಒಡೆದು ಕರಗಿಸುವುದು ಬೇರೆ. ತ್ಯಾಜ್ಯ ನಿರ್ವಹಣೆಯ ಆದ್ಯತೆಯ ಶ್ರೇಣಿಯಲ್ಲಿ ಮೊದಲನೆಯದು ಮೇಲಿದೆ. ವಸ್ತು ತನ್ನ ರೂಪದಲ್ಲೇ ಮತ್ತೆ ಬಳಕೆಯಾದರೆ ‘ಮರುಬಳಕೆ’, ಕರಗಿಸಿ ಅಥವಾ ಒಡೆದು ಕಚ್ಚಾಮಾಲಾದರೆ ‘ಮರುಸಂಸ್ಕರಣೆ’ ಅಥವಾ ‘ರೀಸೈಕ್ಲಿಂಗ್’ ಎಂದಿಟ್ಟುಕೊಂಡು, ಮೊದಲ ಪುಟದಲ್ಲೇ ಅರ್ಥ ಕೊಡಿ. ಕೋಷ್ಟಕದಲ್ಲಿ ಎರಡೂ ಒಂದೇ ಸಾಲಾಗಿದ್ದರೆ ಅದನ್ನೂ ಒಡೆಯಿರಿ.

ಪ್ರಶ್ನೆ: ಮೊದಲ ಬಾರಿಗೆ ವರದಿ ಬರೆಯುತ್ತಿದ್ದೇವೆ, ಹೊರಗಿನ ದೃಢೀಕರಣವೂ ಆಗಬೇಕು. ಯಾವ ಮಾನದಂಡ ಹಿಡಿಯಬೇಕು? ತಂಡ ಎಲ್ಲಿ ಎಡವುತ್ತದೆ?

ಉತ್ತರ: ತ್ಯಾಜ್ಯಕ್ಕೆ ಜಿಆರ್‌ಐ 306, ಕಚ್ಚಾಮಾಲಿಗೆ ಜಿಆರ್‌ಐ 301 ಹಿಡಿದರೆ ಮೊದಲ ವರ್ಷಕ್ಕೆ ಸಾಕು. ಅಳತೆಯ ವಿಧಾನ ವಿಸ್ತರಿಸಬೇಕೆಂದಾಗ 2024ರಲ್ಲಿ ಬಂದ ಐಎಸ್‌ಒ 59020 ಇದೆ. ಪರಿಭಾಷೆ ಮತ್ತು ತತ್ವಗಳು ಅದರ ಜೊತೆಗೇ ಬಂದ 59004ರಲ್ಲಿ, ವ್ಯಾಪಾರದ ಮಾದರಿ ಬದಲಿಸುವ ಮಾರ್ಗದರ್ಶನ 59010ರಲ್ಲಿ ಸಿಗುತ್ತದೆ.

ತಂಡಗಳು ಎಡವುವುದು ಬಹುಪಾಲು ಒಂದೇ ಜಾಗದಲ್ಲಿ: ಸಂಗ್ರಹಿಸಿದ್ದನ್ನು ರೀಸೈಕಲ್ ಆಯಿತೆಂದು ಬರೆಯುವುದು. ಮಾರಿದ್ದರಲ್ಲಿ ಶೇ 60 ಮರಳಿ ಬಂತು, ವಿಂಗಡಣೆಯಲ್ಲಿ ಶೇ 85 ಉಳಿಯಿತು, ಮರುಸಂಸ್ಕರಣೆಯಲ್ಲಿ ಶೇ 80 ಕಾಳಾಯಿತು ಎಂದರೆ ಕೊನೆಗೆ ಸಿಕ್ಕಿದ್ದು ಶೇ 41ಕ್ಕಿಂತ ತುಸು ಕಡಿಮೆ. ಐರೋಪ್ಯ ಒಕ್ಕೂಟವೂ 2018ರ ತಿದ್ದುಪಡಿಯಲ್ಲಿ, ವಿಂಗಡಣೆಯ ನಂತರ ರೀಸೈಕ್ಲಿಂಗ್ ಪ್ರಕ್ರಿಯೆಯೊಳಗೆ ಹೋಗುವ ತೂಕವನ್ನೇ ಲೆಕ್ಕಕ್ಕೆ ಹಿಡಿಯುವಂತೆ ನಿಯಮ ಬಿಗಿ ಮಾಡಿತು. ಗುಜರಿ ಖರೀದಿಸಿದವರ ರಸೀದಿ ನಿಮಗೆ ಹಣ ಬಂದದ್ದಕ್ಕೆ ಸಾಕ್ಷಿ, ವಸ್ತು ಏನಾಯಿತು ಎಂಬುದಕ್ಕಲ್ಲ. ಅವರಿಂದ ಮುಂದಿನ ಘಟಕದ ಹೆಸರು, ಅಲ್ಲಿ ತೂಗಿದ ಚೀಟಿ, ಇಳುವರಿಯ ಅಂಕಿ ಕೇಳಿ. ಕೊಡದಿದ್ದರೆ ಆ ಪ್ರಮಾಣವನ್ನು ‘ತಲುಪಿದ ಜಾಗ ಖಚಿತವಿಲ್ಲ’ ಎಂಬ ಪ್ರತ್ಯೇಕ ಸಾಲಿನಲ್ಲಿ ತೋರಿಸಿ.

ದೃಢೀಕರಣಕ್ಕೆ ಬರುವವರು ಸಾಮಾನ್ಯವಾಗಿ ಐಎಸ್‌ಎಇ 3000 ಎಂಬ ಅಂತರರಾಷ್ಟ್ರೀಯ ದೃಢೀಕರಣ ಮಾನದಂಡದಂತೆ ಕೆಲಸ ಮಾಡುತ್ತಾರೆ. ವರದಿಯ ಒಂದು ಅಂಕಿ ಹಿಡಿದು ಹಿಂದಕ್ಕೆ ನಡೆಯುತ್ತಾರೆ: ವರ್ಷದ ಮೊತ್ತ, ತಿಂಗಳ ಹಾಳೆ, ದಿನದ ಪುಸ್ತಕ, ತೂಕದ ಚೀಟಿ, ತಕ್ಕಡಿಯ ಪರೀಕ್ಷಾ ಪ್ರಮಾಣಪತ್ರ. ಈ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಅಂಕಿ ಉಳಿಯುವುದಿಲ್ಲ. ಅವರು ಬರುವ ಎರಡು ತಿಂಗಳ ಮೊದಲು ನೀವೇ ಐದು ಅಂಕಿ ಆರಿಸಿ ಹೀಗೆ ಹಿಂದಕ್ಕೆ ನಡೆದು ನೋಡಿ.

ಉತ್ಪಾದನೆ ಶೇ 20 ಕುಸಿದ ವರ್ಷ ತ್ಯಾಜ್ಯ ಶೇ 15 ಇಳಿದರೆ ಅದು ಸುಧಾರಣೆಯಲ್ಲ. ಟನ್ ಉತ್ಪನ್ನಕ್ಕೆ ತ್ಯಾಜ್ಯ ಶೇ 6ರಷ್ಟು ಏರಿದೆ. ಒಟ್ಟು ತೂಕ, ಪ್ರತಿ ಟನ್ ಉತ್ಪನ್ನದ ತೂಕ ಎರಡನ್ನೂ ಪಕ್ಕಪಕ್ಕದಲ್ಲಿ ಮುದ್ರಿಸಿ. ಘಟಕವೊಂದು ಮಾರಾಟವಾಗಿದ್ದರೆ ಹಿಂದಿನ ವರ್ಷದ ಅಂಕಿಗಳಿಂದಲೂ ಅದನ್ನು ತೆಗೆದು ಮತ್ತೆ ಲೆಕ್ಕ ಹಾಕಿ, ಹಾಗೆ ಮಾಡಿದ್ದೇವೆ ಎಂದು ಕೋಷ್ಟಕದ ಕೆಳಗೇ ಬರೆಯಿರಿ.